ಅಣ್ಣನ ಎಡೆಗೆ ಸಿಸಿಲಿಯ ಕೆಂಪು ವೈನ್

ಜೇವರ್ಗಿಯ ನಮ್ಮ ಮನೆಯಲ್ಲಿ, ಜೋಳ ತುಂಬಿದ ತಗಡಿನ ಕಣಜದೊಳಗೆ ಮೂರು ವರ್ಷ ಒಂದು ವೈನ್ ಬಾಟಲಿ ಹೂತಿಟ್ಟಿದ್ದೆ. ಬಿಸಿಲಿಗೆ ಕೆಟ್ಟೀತು ಎಂಬ ಹೆದರಿಕೆ ಒಂದು, ನನ್ನಂಥ ಸಾಲಿ ಮಾಸ್ತರನ ಮನೆಯಲ್ಲಿ ಯಾರಾದರೂ ಕಂಡಾರು ಎಂಬುದು ಇನ್ನೊಂದು. ನನ್ನ ಹೆದರಿಕೆಗಳು ಎಂದೂ ಒಂಟಿಯಾಗಿ ಬರುವುದಿಲ್ಲ. ನುಸಿ ಹಿಡಿಯದಿರಲೆಂದು ಜೋಳಕ್ಕೆ ಬೇವಿನೆಲೆ ಹಾಕಿದ ಮೇಲೆ, ಆ ಕಹಿ ಬೂಚಿನೊಳಗೆ ಇಳಿದೀತೇ ಎಂಬ ಮೂರನೆಯದೂ ಸೇರಿತು.

ಬಾಟಲಿ ತಂದವನು ಅಣ್ಣ. ಹಡಗಿನ ಅಡುಗೆಮನೆಯಲ್ಲಿ ಅವನ ಕೆಲಸ. ಇಟಲಿಯ ಸಿಸಿಲಿ ದ್ವೀಪದ ಕೆಂಪು ವೈನ್, ಹೆಸರು ನೆರೊ ದಾವೊಲಾ. ರಜೆಗೆ ಬಂದಾಗ ಘತ್ತರಗಿಗೆ ಹೋಗಿ, ದೇವಿಗೆ ಕಾಯಿ ಒಡೆಸಿ, ಭೀಮೆಯ ದಂಡೆಯಲ್ಲಿ ರೊಟ್ಟಿ ಗಂಟು ಬಿಚ್ಚಿ ಕೂತಾಗ ಚೀಲದಿಂದ ಅದನ್ನು ತೆಗೆದ.

“ಅಲ್ಲೂ ನಮ್ಮಂಗೇ ಬಿಸಲು ಲೇ. ಅದಕ್ಕ ಈ ದ್ರಾಕ್ಷಿಗಿ ಇಷ್ಟು ಸೊಕ್ಕು. ಮೀನಿನ ಕೂಡ ಕುಡದ್ರ ಮೀನು ಸತ್ತೇ ಹೋಗ್ತದ.”

“ಮೀನು ಮೊದಲೇ ಸತ್ತಿರ್ತದಲ್ಲಾ ಅಣ್ಣಾ?”

“ಮಾಸ್ತರಕಿ ಮಾಡಬ್ಯಾಡ. ಕುರಿ ಖಂಡ ಬೇಕು, ಇಲ್ಲಾ ಎಣ್ಣಿ ತೇಲೋ ಬದನಿಕಾಯಿ ಎಣಗಾಯಿ. ಪುಂಡಿ ಪಲ್ಯ ಮಾತ್ರ ಬ್ಯಾಡ, ಆ ಹುಳಿ ಇದರ ಕುತ್ತಿಗಿ ಹಿಡಿತದ. ಮೊದಲ ತುತ್ತು, ಆಮ್ಯಾಲ ಗುಟುಕು. ತಿಳೀತೇನ್?”

ಗಂಟಿನಲ್ಲಿ ಎಣಗಾಯಿ ಇತ್ತು. ಧೈರ್ಯ ಮಾತ್ರ ನಾನು ತಂದಿರಲಿಲ್ಲ. “ಇಲ್ಲಿ ಬ್ಯಾಡಣ್ಣ, ಸಾಲಿ ಹುಡುಗರ ಮಂದಿ ದೇವಿಗಿ ಬರ್ತಾರ. ಯಾರರೆ ನೋಡಿದ್ರ...”

ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. “ಎಷ್ಟ್ ಫಿಕರ್ ಮಾಡ್ತೀಯೋ. ಇಟಗೊ, ಮುಂದಿನ ಸಲ ಕೂಡೋಣು.”

ಮುಂದಿನ ಸಲ ಬಂದದ್ದು ಫೋನು. ಹಡಗಿನ ಒಲೆಯ ಮುಂದೆಯೇ ಎದೆ ಹಿಡಿದುಕೊಂಡು ಬಿದ್ದನಂತೆ.

ಆಮೇಲೆ ಜೋಳ ತೆಗೆಯಲು ಹೋದಾಗಲೆಲ್ಲ ಬಾಟಲಿಯ ಕುತ್ತಿಗೆ ಕೈಗೆ ತಾಗುತ್ತಿತ್ತು, ತಣ್ಣಗೆ, ಒಳಗಿಂದ ಯಾರೋ ಬೆರಳು ಕೊಟ್ಟಂತೆ. ಜೋಳ ತೆಗೆಯುವುದನ್ನೇ ಬಿಟ್ಟೆ. ಸೊಂಟನೋವು ಎಂದು ಹೇಳಿದೆ.

ಈ ಸಲದ ಮಹಾಲಯ ಅಮಾವಾಸ್ಯೆಗೆ, ನಮ್ಮೊಂದಿಗೇ ಇರುವ ವೈನಿ, ಅಣ್ಣನ ಹೆಂಡತಿ, ಜೋಳ ತೆಗೆಯುವಾಗ ಕೈಗೆ ಸಿಕ್ಕಿದ್ದ ಆ ಬಾಟಲಿ ಎಡೆಗೆ ಬೇಕೆಂದರು. ತೀರಿಹೋದವರಿಗೆ ಪ್ರಿಯವಾದದ್ದನ್ನೆಲ್ಲ ಫೋಟೊದ ಮುಂದೆ ಬಡಿಸಿ, ಬಾಗಿಲು ಮುಚ್ಚಿ ನಾವು ಹೊರಗೆ ಕೂಡುತ್ತೇವೆ, ಅವರು ಬಂದು ಉಂಡು ಹೋಗಲೆಂದು. ಆಮೇಲೆ ಕೆಮ್ಮಿ ಬಾಗಿಲು ತೆಗೆಯಬೇಕು.

“ಕೆಟ್ಟಿದ್ರ ಹ್ಯಾಂಗ್ರಿ ವೈನಿ? ಇದ್ದಾಗ ಅವನ ಕೂಡ ಕುಡೀಲಿಲ್ಲ. ಈಗ ಹುಳಿನೀರು ಇಡೂದೇನು?”

“ತೆಗೀರಿ ಮಾಸ್ತರ್ರೇ. ನೀವು ತೆಗಿಯೂದ್ರಾಗ ನನ್ನ ಎಡಿ ಇಡೂ ವ್ಯಾಳ್ಯಾನೂ ಬರ್ತದ.”

ಬೂಚು ಕೀಳುವ ಸಾಧನವಿರಲಿಲ್ಲ. ಸೌಟಿನ ಹಿಡಿಯಿಂದ ಒಳಕ್ಕೇ ದೂಡಿ, ಚೂರುಗಳನ್ನು ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿ, ಸ್ಟೀಲ್ ಲೋಟಕ್ಕೆ ಸುರಿದೆ. ಜಜ್ಜಿದ ನೇರಳೆಹಣ್ಣಿನ ಬಣ್ಣ. ಮೂಗಿಗೆ ಹುಳಿ ಬಂತು, ಹಿಂದೆಯೇ ತುಸು ಹೊಗೆ. ಇದು ಕೆಟ್ಟ ವಾಸನೆಯೋ, ಅದರದೇ ವಾಸನೆಯೋ? ಜನ್ಮದಲ್ಲಿ ವೈನ್ ಮೂಸಿದವನಲ್ಲ ನಾನು.

ವೈನಿ ಖಂಡದ ಸಾರು, ಎಣಗಾಯಿ, ಸಜ್ಜೆ ರೊಟ್ಟಿ ಬಡಿಸಿ ಪುಂಡಿ ಪಲ್ಯವನ್ನೂ ಹಾಕಿದರು.

“ಪುಂಡಿ ಬ್ಯಾಡ ಅಂದಿದ್ನರಿ ಅಣ್ಣ.”

“ಅದು ಅವರ ಜೀವ. ಜಗಳ ಆದ್ರ ಅವರೇ ಬಿಡಿಸ್ಕೋತಾರ.”

ನಾನು ಪಲ್ಯವನ್ನು ಲೋಟದಿಂದ ದೂರ ಸರಿಸಿದೆ.

ಬಾಗಿಲು ಮುಚ್ಚಿ ಕೂತೆವು. ಕಿವಿಗೊಟ್ಟು ಕೇಳುತ್ತಿದ್ದೆ, ಲೋಟ ಎತ್ತಿದ ಸದ್ದಿಗಲ್ಲ, ಒಂದು ‘ಥೂ’ಗಾಗಿ.

ಕೆಮ್ಮಿ ಒಳಗೆ ಹೋದೆ. ವೈನ್ ಇದ್ದಷ್ಟೇ ಇತ್ತು. ಸುಳ್ಳೇಕೆ, ಮೊದಲೇ ಕಣ್ಣಳತೆ ಮಾಡಿಟ್ಟಿದ್ದೆ. ಫೋಟೊದ ಮುಂದೆ ಕೂತು, ಗಾಬರಿಯಲ್ಲಿ ಮೊದಲು ಗುಟುಕೇ ಕುಡಿದೆ. ಒಗರಿಗೆ ಬಾಯಿ ಬಿಗಿಯಿತು.

ಮೊದಲ ತುತ್ತು ಲೇ.

ಎಣಗಾಯಿಗೆ ರೊಟ್ಟಿ ಅದ್ದಿ ತಿಂದು ಮತ್ತೆ ಕುಡಿದೆ. ಶೇಂಗಾ, ಎಳ್ಳಿನ ಜಿಡ್ಡಿಗೆ ಒಗರು ಮೆತ್ತಗಾಯಿತು. ಅಥವಾ ಆಗಲಿ ಎಂದು ಬಯಸಿದೆ.

“ಹ್ಯಾಂಗದರಿ?” ಬಾಗಿಲಲ್ಲಿ ವೈನಿ.

ಅದನ್ನು ಹೇಳಬಲ್ಲವನು ಈ ಮನೆಯಲ್ಲಿ ಒಬ್ಬನೇ ಇದ್ದ. ಫೋಟೊದೊಳಗಿಂದ, ಅಡುಗೆಯವರ ಬಿಳಿ ಟೊಪ್ಪಿಗೆಯಲ್ಲಿ, ಭೀಮೆಯ ದಂಡೆಯಲ್ಲಿ ನೋಡಿದ ಹಾಗೆಯೇ ನನ್ನನ್ನು ನೋಡುತ್ತಿದ್ದ.

“ಗೊತ್ತಾಗವಲ್ದ್ರಿ.”

ಬೀದಿ ಬಾಗಿಲು ತೆರೆದೇ ಇದೆಯೆಂದು ಆಗ ನೆನಪಾಯಿತು. ಯಾರೋ ಹಾದುಹೋಗುತ್ತ ಒಳಗೆ ನೋಡಿದರು. ಲೋಟ ಕೈಯಲ್ಲಿತ್ತು. ಏಳಲಿಲ್ಲ, ಇನ್ನೊಂದು ತುತ್ತು ಮುರಿದೆ.