ಟೀಚರ್ ಒಳಗೆ, ಹುಲಿಗೆಮ್ಮ ಹೊರಗೆ

ಹೋದ ವರ್ಷ ನಮ್ಮ ಕಡೆ ಭತ್ತದ ನಾಟಿ ನಡೆದಿದ್ದ ಹೊತ್ತು. ಒಂದು ಮಂಗಳವಾರ ಮಧ್ಯಾಹ್ನ ನಾನು ಶಾಲೆಯ ಸ್ಟಾಫ್ ಟಾಯ್ಲೆಟ್ಟಿನೊಳಗೆ ನಲವತ್ತು ನಿಮಿಷ ಬಂದಿಯಾಗಿದ್ದೆ.

ನಗಬೇಡಿ. (ನಗುತ್ತೀರಿ, ಗೊತ್ತು. ಮನೆಯಲ್ಲಿ ನನ್ನ ಯಜಮಾನರು ಇನ್ನೂ ನಗುತ್ತಿದ್ದಾರೆ.)

ಹೊರಗಿನಿಂದ ಯಾರೋ ಚಿಲಕ ಹಾಕಿದ್ದರು. ಮೊಬೈಲು ಸ್ಟಾಫ್ ರೂಮಿನಲ್ಲಿ ಚಾರ್ಜಿಗಿತ್ತು. ಬಾಗಿಲು ಬಡಿದೆ, ಕೂಗಿದೆ. ಟಾಯ್ಲೆಟ್ ಇರುವುದು ಕಟ್ಟಡದ ಹಿಂಬದಿಗೆ. ಪಕ್ಕದ ಗದ್ದೆಯಲ್ಲಿ ಟ್ರ್ಯಾಕ್ಟರು ಗುಡುಗುತ್ತಿತ್ತು. ನನ್ನ ಕೂಗು ಯಾರಿಗೆ ಕೇಳಬೇಕು? ಎಂಟನೇ ತರಗತಿಯ ಗಣಿತದ ಪೀರಿಯಡ್ಡು ನಾನಿಲ್ಲದೆಯೇ ಮುಗಿಯಿತು. ಬೆಲ್ ಹೊಡೆದದ್ದು ಕೇಳಿಸಿತು. ಮಕ್ಕಳು ಖುಷಿಯಿಂದ ಕಿರುಚಿದ್ದೂ ಕೇಳಿಸಿತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅಂಥ ಅವಮಾನ ನನಗೆ ಆಗಿರಲಿಲ್ಲ.

ಕೊನೆಗೆ ಬಿಸಿಯೂಟದ ಅಡುಗೆಯಾಕೆ ಆ ಕಡೆ ಬಂದವಳು ಬಾಗಿಲು ತೆಗೆದಳು. "ಅಯ್ಯ ಯವ್ವಾ, ಟೀಚರ್! ಇಷ್ಟೊತ್ತು ಒಳಗ ಏನ್ ಮಾಡಾಕತ್ತಿದ್ರಿ?"

ಬೆವರು ಒರೆಸಿಕೊಳ್ಳುತ್ತ ನೇರ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದೆ. "ಯಾರು ಮಾಡ್ಯಾರೋ ಹುಡುಕ್ರಿ ಸರ್. ಟಿಸಿ ಕೊಟ್ಟು ಮನಿಗೆ ಕಳಸ್ರಿ. ಇಲ್ಲಂದ್ರ ನಾ ಲಾಂಗ್ ಲೀವ್ ಹಾಕ್ತೀನಿ!"

ಊರಿನ ಹೆಸರು ಹೇಳುವುದಿಲ್ಲ. ಗಂಗಾವತಿಯಿಂದ ಸಿದ್ದಾಪುರದ ಕಡೆ ಹೋಗುವ ಬಸ್ಸು ಹತ್ತಿದರೆ ಎರಡೂ ಬದಿಗೆ ಗದ್ದೆಯೇ ಗದ್ದೆ. ಆ ಗದ್ದೆಗಳ ನಡುವಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂದು ಎಂದುಕೊಳ್ಳಿ. ನಮ್ಮ ಹೆಡ್‌ಮಾಸ್ಟರು ಕೆಟ್ಟವರಲ್ಲ. ಆದರೆ ಶಿಸ್ತು ಎಂದರೆ ಪ್ರಾಣ. ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಒಂಬತ್ತನೇ ತರಗತಿಯ ಕೊನೇ ಬೆಂಚಿನ ನಾಲ್ವರು ಹುಡುಗರನ್ನು ಹೊರಗೆ ಕರೆದರು. ಹಿಂದೆ ಸೈಕಲ್ ಗಾಳಿ ಬಿಟ್ಟವರು ಅವರೇ, ಚಾಕ್‌ಪೀಸ್ ಎಸೆದವರು ಅವರೇ. ಇದೂ ಅವರದೇ ಇರಬೇಕಲ್ಲವೆ? ಧ್ವಜಕಟ್ಟೆಯ ಮುಂದೆ ಬಿಸಿಲಿನಲ್ಲಿ ಮೊಣಕಾಲೂರಿ ಕೂರಿಸಿದರು.

(ಹಾಗೆ ಕೂರಿಸುವುದು ಕಾನೂನಿನ ಪ್ರಕಾರ ತಪ್ಪು. ಅವರಿಗೂ ಗೊತ್ತು, ನನಗೂ ಗೊತ್ತು. ಅವತ್ತು ಇಬ್ಬರಿಗೂ ಅದು ನೆನಪಾಗಲಿಲ್ಲ.)

"ನಾವಲ್ರಿ ಸರ್! ಆಣಿ ಮಾಡಿ ಹೇಳ್ತೀವ್ರಿ!" ಹುಡುಗರು ಅಳುವುದೊಂದು ಬಾಕಿ. ಯಾರೂ ನಂಬಲಿಲ್ಲ. ನಾನಂತೂ ನಂಬಲೇ ಇಲ್ಲ.

ಆಗ ಹುಡುಗಿಯರ ಸಾಲಿನಿಂದ ಒಬ್ಬಳು ಮುಂದೆ ಬಂದಳು. ಹುಲಿಗೆಮ್ಮ. ಕೋಲಿನಂಥ ಮೈ, ಕೆಂಪು ರಿಬ್ಬನ್ನಿನ ಎರಡು ಜಡೆ. ಥ್ರೋಬಾಲ್ ತಂಡದ ಕ್ಯಾಪ್ಟನ್. ಅಂಕಣದಲ್ಲಿ ಹುಲಿ, ಗಣಿತದ ಕ್ಲಾಸಿನಲ್ಲಿ ಬಾಯಿಯೇ ಇಲ್ಲ.

"ಸರ್, ಅವರನ್ನ ಎಬ್ಬಸ್ರಿ. ಚಿಲಕ ಹಾಕಿದಾಕಿ ನಾನಽ ಅದೀನ್ರಿ."

"ಏನಂದಿ?"

"ನಾ ಹಾಕೀನ್ರಿ. ಅವರು ಏನೂ ಮಾಡಿಲ್ರಿ."

ಕಳ್ಳಿ ತಾನಾಗಿಯೇ ಸಿಕ್ಕಳು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಯಾಕೆಂದರೆ, ನಿಮ್ಮಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೇನೆ. ಹೆಡ್‌ಮಾಸ್ಟರಿಗೂ ಮುಚ್ಚಿಟ್ಟಿದ್ದೆ.

ನಮ್ಮ ಶಾಲೆಯ ಬೋರ್‌ವೆಲ್ ಮೋಟಾರು ಬೇಸಿಗೆ ರಜೆಗೂ ಮೊದಲೇ ಸುಟ್ಟುಹೋಗಿತ್ತು. ಐದು ತಿಂಗಳಾಗಿತ್ತು. ನೀರಿಲ್ಲವೆಂದು ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ. ಹುಡುಗರು ಕಾಲುವೆಯ ಕಡೆ ಓಡುತ್ತಿದ್ದರು. ಹುಡುಗಿಯರು? ಕೇಳಿದವರಿಲ್ಲ. ತೆರೆದಿದ್ದದ್ದು ಸ್ಟಾಫ್ ಟಾಯ್ಲೆಟ್ ಒಂದೇ. ಅದಕ್ಕೆ ನೀರು ಎಲ್ಲಿಂದ ಬರುತ್ತಿತ್ತು? ಒಂಬತ್ತನೇ ತರಗತಿಯ ಹುಡುಗಿಯರು ರಸ್ತೆಯಾಚೆಯ ಕೈಪಂಪಿನಿಂದ ಕೊಡದಲ್ಲಿ ಹೊತ್ತು ತರುತ್ತಿದ್ದರು. ದಿನಕ್ಕೊಬ್ಬರ ಪಾಳಿ. ಪಾಳಿ ಬರೆದು ಗೋಡೆಗೆ ಅಂಟಿಸಿದವಳು ನಾನೇ.

ಆ ಮಂಗಳವಾರ ಹುಲಿಗೆಮ್ಮನ ಪಾಳಿ. ಎರಡನೇ ಕೊಡ ಡ್ರಮ್ಮಿಗೆ ಸುರಿದು ನಿಂತಳು. ನಾನು ಒಳಗೆ ಹೊರಟಿದ್ದೆ.

"ಟೀಚರ್, ಮೊದ್ಲ ನಾ ಒಂದಕ್ಕ ಹೋಗಿ ಬರ್ಲೇನ್ರಿ ಇಲ್ಲೇ? ಭಾಳ ತ್ರಾಸ ಆಗಾಕತ್ತೈತ್ರಿ."

"ಇದು ಸ್ಟಾಫ್‌ದು. ಇನ್ನೇನ್ ಎರಡು ತಾಸು, ತಡಕೊ. ಮನಿಗೆ ಹೋಗಿ ಹೋಗುವಂತಿ."

ಅಷ್ಟು ಹೇಳಿ ಅವಳ ಮುಖದ ಮುಂದೆಯೇ ಬಾಗಿಲು ಹಾಕಿಕೊಂಡಿದ್ದೆ.

ಈಗ ಹೇಳಿ, ತಪ್ಪು ಯಾರದು? (ನಿಲ್ಲಿ, ಅವಳನ್ನು ಅಷ್ಟು ಸಲೀಸಾಗಿ ಬಿಟ್ಟುಬಿಡಬೇಡಿ. ನನಗೆ ಬಿಪಿ ಇದೆ. ಒಳಗೆ ತಲೆ ಸುತ್ತಿ ಬಿದ್ದಿದ್ದರೆ?)

ಹನ್ನೊಂದು ಗಂಟೆಗೆ ಹೆಡ್‌ಮಾಸ್ಟರ ಕೋಣೆಯಲ್ಲಿ ಪಂಚಾಯ್ತಿ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಖಾದರ್‌ಸಾಬ್ ಬಂದರು. ಹುಲಿಗೆಮ್ಮನ ತಾಯಿ ಹನಮವ್ವ ನಾಟಿ ಬಿಟ್ಟು ಗದ್ದೆಯಿಂದಲೇ ಬಂದರು. ಮೊಣಕಾಲಿನವರೆಗೆ ಕೆಸರು ಒಣಗಿತ್ತು. ಕೋಣೆಯೊಳಗೆ ಬರಲು ಸಂಕೋಚಪಟ್ಟು ಹೊಸ್ತಿಲಲ್ಲೇ ನಿಂತರು. ವಿಷಯ ಕೇಳಿದ್ದೇ ಮಗಳ ಮೇಲೆ ಕೈ ಎತ್ತಿದರು. ಖಾದರ್‌ಸಾಬ್ ಅಡ್ಡ ಬಂದು ತಡೆದರು.

"ಟಿಸಿ ಕೊಡೂದಽ," ಎಂದರು ಹೆಡ್‌ಮಾಸ್ಟರು. "ಇವತ್ತ ಬಿಟ್ರ ನಾಳೆ ನನ್ನ ಆಫೀಸಿಗೆ ಕೀಲಿ ಹಾಕ್ತಾರ."

ಎಂಟನೇ ತರಗತಿಯವರೆಗಿನ ಮಕ್ಕಳಾದರೆ ಹೀಗೆ ಹೊರಹಾಕಲು ಕಾನೂನು ಬಿಡುವುದಿಲ್ಲ. ಇವಳು ಒಂಬತ್ತನೆಯವಳು. ತಾಯಿ ಕೈಮುಗಿದು ಬೇಡಿಕೊಳ್ಳುತ್ತಾಳೆ, ನಾವು ಸ್ವಲ್ಪ ಹೊತ್ತು ಬಿಗಿಯಾಗಿದ್ದು ಆಮೇಲೆ ಕರಗುತ್ತೇವೆ ಎಂದುಕೊಂಡಿದ್ದೆ. ಸಾಮಾನ್ಯವಾಗಿ ನಡೆಯುವುದು ಹಾಗೆಯೇ. ಹನಮವ್ವ ಬೇಡಿಕೊಳ್ಳಲಿಲ್ಲ.

"ಕೊಡ್ರಿ ಹಂಗಾರ. ನಮ್ಮ ತಮ್ಮ ಈಕಿನ್ನ ಲಗ್ನಕ್ಕ ಕೇಳಾಕತ್ತು ಒಂದ್ ವರ್ಷ ಆತು. ಸಾಲಿ ಮುಗೀಲಿ ಅಂತ ನಾನಽ ತಡದಿದ್ದೆ. ಸಾಲಿಯವರಽ ಬ್ಯಾಡಂದಮ್ಯಾಲ ನಾ ಯಾರಿಗೆ ಏನಂತ ಹೇಳ್ಲಿ?"

ಹುಲಿಗೆಮ್ಮನಿಗೆ ಆಗ ಹದಿನಾಲ್ಕು. ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದವಳು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡಳು.

ಟಿಸಿ ಎಂದರೆ ನಮಗೆ ಒಂದು ಹಾಳೆ. ಅವಳಿಗೆ ತಾಳಿ.

ನಾನು ಎದ್ದು ನಿಂತೆ. "ಸರ್, ಒಂದ್ ನಿಮಿಷ. ಹುಲಿಗೆಮ್ಮ, ಯಾಕ ಹಾಕಿದಿ ಅಂತ ಎಲ್ಲಾರ ಮುಂದ ಹೇಳು. ನನ್ನ ಹೆಸರು ಬಂದ್ರೂ ಬರ್ಲಿ."

ಅವಳು ನನ್ನನ್ನು ನೋಡಿದಳು. ನಂಬಬಹುದೋ ಬೇಡವೋ ಎಂದು ಅಳೆಯುವ ನೋಟ. ಆಮೇಲೆ ಹೇಳಿದಳು. ಮಂಗಳವಾರದ್ದನ್ನೆಲ್ಲ ಹೇಳಿದಳು. ನಾನು ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. (ಪ್ರಮೇಯ ಹೇಳು ಎಂದರೆ ಹೀಗೆ ಎಂದೂ ಹೇಳಿದವಳಲ್ಲ.)

"ನಿಮಗ ಒಳಗ ಕುಂದ್ರಾಕ ಆಗಲಿಲ್ರಿ. ನಮಗ ಹೊರಗ ತಡಕೊಳ್ಳಾಕ ಆಗೂದಿಲ್ರಿ. ಎಷ್ಟ್ ತ್ರಾಸ ಅಂತ ನಿಮಗೂ ಗೊತ್ತಾಗ್ಲಿ ಅಂತ ಹಾಕಿದೆ. ಐದ್ ನಿಮಿಷಕ್ಕ ತಗೀಬೇಕಂತಿದ್ದೆ. ನೀವು ಬಾಗಲಾ ಬಡ್ಯಾಕ ಹತ್ತಿದ್ರಿ, ಅಂಜಿಕಿ ಬಂದು ಓಡಿ ಹೋದೆ."

ಅಲ್ಲಿಗೆ ನಿಲ್ಲಲಿಲ್ಲ. ಮೋಟಾರು ಸುಟ್ಟು ತಮ್ಮ ಶೌಚಾಲಯಕ್ಕೆ ಬೀಗ ಬಿದ್ದದ್ದನ್ನು ಹೇಳಿದಳು. ತನ್ನ ಕ್ಲಾಸಿನ ಹುಡುಗಿಯರು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯುವುದಿಲ್ಲ ಎಂದಳು. ಬಿಸಿಯೂಟದ ಜೊತೆಗೂ ಕುಡಿಯುವುದಿಲ್ಲ. ತಿಂಗಳಿಗೆ ನಾಲ್ಕು ದಿನ ಶಾಲೆಗೇ ಬರುವುದಿಲ್ಲ. ತಡೆಯಲಾಗದವರು ಊಟ ಮುಗಿಸಿ ಹೊಟ್ಟೆನೋವು ಎಂದು ಹೇಳಿ ಮನೆಗೆ ಓಡುತ್ತಾರೆ. ಆ ಹೊಟ್ಟೆನೋವುಗಳನ್ನೆಲ್ಲ ಹಾಜರಿ ಪುಸ್ತಕದಲ್ಲಿ ಮಧ್ಯಾಹ್ನ ಗೈರು ಎಂದು ಗೀಟು ಎಳೆದವಳು ಕ್ಲಾಸ್ ಟೀಚರಾದ ನಾನು. ಲೆಕ್ಕದ ಟೀಚರ್ ನಾನು! ಗೀಟುಗಳೆಲ್ಲ ಹುಡುಗಿಯರ ಹೆಸರಿನ ಮುಂದೆಯೇ ಯಾಕೆ ಬೀಳುತ್ತಿವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಹನಮವ್ವನ ದನಿ ಬದಲಾಯಿತು. "ಅದಕ್ಕಽ ಏನಬೇ ದಿನಾ ಹೊಟ್ಟಿ ಹಿಡ್ಕೊಂಡು ಬರ್ತಿದ್ದಿ? ನಾ ಹೇಮಗುಡ್ಡದ ಗುಡಿಗೆ ಕರ್ಕೊಂಡು ಹೋಗಿ ಅವ್ವಗ ಹರಕಿ ಹೊತ್ತು ಬಂದ್ನಲ್ಲಬೇ!"

ಖಾದರ್‌ಸಾಬ್ ಕೇಳಿದರು, "ಮೋಟಾರ್ ಸುಟ್ಟೈತಾ? ಯಾವಾಗ?"

ಇಲ್ಲೊಂದು ಮಾತು ಹೇಳಬೇಕು. ಖಾದರ್‌ಸಾಬ್ ಅವರ ಕಸುಬೇ ಸುಟ್ಟ ಮೋಟಾರು ರಿವೈಂಡಿಂಗ್ ಮಾಡುವುದು. ಸುತ್ತಲಿನ ಹತ್ತು ಹಳ್ಳಿಯ ಪಂಪ್‌ಸೆಟ್ಟುಗಳು ಅವರ ಕೈಯಲ್ಲೇ ಜೀವ ಪಡೆಯುವುದು.

"ಮ್ಯಾಲಿನ ಆಫೀಸಿಗೆ ಮೂರು ಪತ್ರ ಬರದೀನ್ರಿ ಖಾದರ್‌ಸಾಬ್ರ," ಎಂದರು ಹೆಡ್‌ಮಾಸ್ಟರು.

"ಪತ್ರ ಬರದೀರಿ, ಖರೆ. ಸಾಲಿ ಗೇಟಿನಿಂದ ನನ್ನ ಅಂಗಡಿ ಎಷ್ಟ್ ದೂರ ಐತ್ರಿ ಸರ್? ಮೀಟಿಂಗಿಗೆ ಕರದಾಗೆಲ್ಲ ಚಾ ಕುಡಿಸಿ, ಸಹಿ ಮಾಡಿಸ್ಕೊಂಡು ಕಳಿಸೀರಿ. ಒಬ್ಬರಾದ್ರೂ ಬಾಯಿ ಬಿಟ್ಟೀರೇನು? ಊರ ಮಂದಿ ಮೋಟಾರೆಲ್ಲ ನಾ ಸುತ್ತಿ ಕೊಡ್ತೀನಿ. ನನ್ನ ಮೊಮ್ಮಗಳು ಓದೋ ಸಾಲಿ ಮೋಟಾರ್ ಸುಟ್ಟಿದ್ದು ನನಗಽ ಗೊತ್ತಿಲ್ಲ!"

ಅವರ ಮುಖ ಕೆಂಪಾಗಿತ್ತು. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಿತ್ತೇನೋ. ಮೊಮ್ಮಗಳು ಎಂಟನೇ ತರಗತಿಯಲ್ಲಿದ್ದಳು. ಅವಳೂ ಮನೆಯಲ್ಲಿ ಹೇಳಿರಲಿಲ್ಲ. ಯಾವ ಹುಡುಗಿ ತಾತನ ಮುಂದೆ ಇದನ್ನು ಹೇಳಿಯಾಳು?

ನಾನು ಹೆಡ್‌ಮಾಸ್ಟರಿಗೆ ಹೇಳಿದೆ: "ಶಿಕ್ಷೆ ಬೇಕ್ರಿ ಸರ್. ಟಿಸಿ ಬ್ಯಾಡ. ಕೊಡೂದಿದ್ರ ನನ್ನನ್ನೂ ಟ್ರಾನ್ಸ್‌ಫರ್ ಮಾಡಾಕ ಬರೀರಿ."

ಬಹಳ ಹೊತ್ತು ಮಾತು ನಡೆಯಿತು. ಕೊನೆಗೆ ಒಂದು ತೀರ್ಮಾನವಾಯಿತು. ಹುಲಿಗೆಮ್ಮ ಪ್ರಾರ್ಥನೆಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು. ಮುಂದಿನ ವಾರದ ತಾಲೂಕು ಮಟ್ಟದ ಥ್ರೋಬಾಲ್‌ನಲ್ಲಿ ಆಡುವಂತಿಲ್ಲ. ಎರಡನೆಯದನ್ನು ಕೇಳಿದಾಗ ಮಾತ್ರ ಅವಳ ಕಣ್ಣಿನಿಂದ ನೀರು ಇಳಿಯಿತು. ಆದರೂ "ಆತ್ರಿ" ಎಂದಳು.

ಪಾಳಿಯ ಹಾಳೆಯನ್ನು ನಾನೇ ಹರಿದೆ. ಮರುದಿನ ಪ್ರಾರ್ಥನೆಯಲ್ಲಿ ಅವಳ ನಂತರ ನಾನೂ ಮೈಕ್ ಹಿಡಿದೆ. "ಟೀಚರ್ ಮಕ್ಕಳ ಮುಂದ ತಪ್ಪಾತು ಅಂದ್ರ ಮರ್ಯಾದಿ ಉಳಿತೈತೇನ್ರಿ?" ಎಂದು ಹೆಡ್‌ಮಾಸ್ಟರು ಹಿಂದಿನ ದಿನವೇ ಎಚ್ಚರಿಸಿದ್ದರು. ಬಿಸಿಲಿನಲ್ಲಿ ಕೂತ ನಾಲ್ವರು ಹುಡುಗರ ಹೆಸರು ಹಿಡಿದು ಕ್ಷಮೆ ಕೇಳಿದೆ. ನೀರು ಹೊತ್ತ ಹುಡುಗಿಯರ ಕ್ಷಮೆ ಕೇಳಿದೆ. ಒಬ್ಬರೂ ನಗಲಿಲ್ಲ. ಸಭೆ ಚದುರಿದ ಮೇಲೆ ನೋಡುತ್ತೇನೆ, ಹೆಡ್‌ಮಾಸ್ಟರು ಆ ನಾಲ್ವರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡು, "ನಂದೂ ತಪ್ಪಾತ್ರಪಾ" ಎನ್ನುತ್ತಿದ್ದಾರೆ! ಹುಡುಗರು ಎಲ್ಲಿ ನೋಡಬೇಕೋ ತಿಳಿಯದೆ ತಮ್ಮ ಚಪ್ಪಲಿಗಳನ್ನೇ ನೋಡುತ್ತಿದ್ದರು.

ಸಂಜೆ ಹನಮವ್ವನ ಮನೆಗೆ ಹೋದೆ. "ಹದಿನೆಂಟು ತುಂಬೋತನ ಲಗ್ನದ ಮಾತು ತಗೀಬ್ಯಾಡ್ರಿ ಹನಮವ್ವಾರ. ತಗದ್ರ ಕಂಪ್ಲೇಂಟ್ ಕೊಡಾಕಿ ನಾನಽ."

ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಕೆ ನಕ್ಕರು. "ಅಷ್ಟಽ ಹೇಳಿ ಹೋಗ್ರಿ ಟೀಚರ್. ಸಾಲಿಯವರು ಪೊಲೀಸರಿಗೆ ಹೇಳ್ತಾರಂತ ಅಂತ ತಮ್ಮಗ ಹೇಳ್ತೀನಿ. ನನಗೂ ಒಂದ್ ನೆವ ಬೇಕಾಗಿತ್ತು."

ಮೋಟಾರು? ನಾಲ್ಕೇ ದಿನ. ಶನಿವಾರ ಬೆಳಿಗ್ಗೆ ಖಾದರ್‌ಸಾಬ್ ತಾವೇ ನಿಂತು ಅದನ್ನು ಬೋರ್‌ವೆಲ್ಲಿಗೆ ಇಳಿಸಿದರು. ಸ್ವಿಚ್ ಹಾಕಿದರು. ಪೈಪು ಎರಡು ಸಲ ಕೆಮ್ಮಿತು, ಕೆಂಪು ನೀರು ಉಗುಳಿತು, ಆಮೇಲೆ ತಿಳಿನೀರು ಧೋ ಎಂದು ಬಂತು. ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಎಲ್ಲಿ ಹೋಗಿತ್ತೋ, ಯಾರಿಗೂ ಗೊತ್ತಿಲ್ಲ. ಹೆಡ್‌ಮಾಸ್ಟರು ಕಲ್ಲು ತಗೊಂಡರು. ಮೂರನೇ ಏಟಿಗೆ ಬೀಗ ಒಡೆಯಿತು. ಹುಡುಗಿಯರು ಹಾಕಿದ ಕೇಕೆಗೆ ಗದ್ದೆಯಲ್ಲಿದ್ದ ಹೆಂಗಸರೆಲ್ಲ ಬೆನ್ನು ನೆಟ್ಟಗೆ ಮಾಡಿ ಶಾಲೆಯ ಕಡೆ ನೋಡಿದರು. ಹುಡುಗರೂ ಚಪ್ಪಾಳೆ ಹೊಡೆದರು. ನಾನು? ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಥ್ರೋಬಾಲ್‌ನಲ್ಲಿ ನಮ್ಮ ಹುಡುಗಿಯರು ಮೊದಲ ಸುತ್ತಿಗೇ ಸೋತು ಬಂದರು. ಕ್ಯಾಪ್ಟನ್ ಗೆರೆಯಾಚೆ ಕೂತು ಗಂಟಲು ಹರಿಯುವಂತೆ ಕೂಗಿದ್ದೇ ಬಂತು. ಪಾಪ ಅನ್ನಿಸಿತು. ಆದರೆ ಶಿಕ್ಷೆ ಎಂದರೆ ಶಿಕ್ಷೆ.

ಆಮೇಲಿನ ತಿಂಗಳುಗಳಲ್ಲಿ ಮಧ್ಯಾಹ್ನದ ಹಾಜರಿಯ ಗೀಟುಗಳು ತಾವಾಗಿಯೇ ಮಾಯವಾದವು. ಹುಲಿಗೆಮ್ಮ ಈಗ ಹತ್ತನೇ ತರಗತಿ. ಗಣಿತ ಇನ್ನೂ ಅಷ್ಟಕ್ಕಷ್ಟೇ. ಸಂಜೆ ಅರ್ಧ ಗಂಟೆ ಕೂರಿಸಿಕೊಳ್ಳುತ್ತಿದ್ದೇನೆ. ಓಡಿಹೋಗುವುದಿಲ್ಲ.

ಕಳೆದ ವಾರ ಹೊಸ ಅಡ್ಮಿಷನ್ ನಡೆದಿತ್ತು. ಪಕ್ಕದ ಕ್ಯಾಂಪಿನ (ಕಾಲುವೆ ಬಂದ ಮೇಲೆ ಎದ್ದ ವಲಸಿಗರ ಊರುಗಳನ್ನು ನಮ್ಮ ಕಡೆ ಕ್ಯಾಂಪ್ ಎನ್ನುತ್ತೇವೆ) ತಂದೆಯೊಬ್ಬರು ಮಗಳನ್ನು ಎಂಟನೇ ತರಗತಿಗೆ ಸೇರಿಸಲು ಬಂದಿದ್ದರು. ಅವರ ಊರಿಗೆ ನಮಗಿಂತ ಹತ್ತಿರದಲ್ಲಿ ಇನ್ನೊಂದು ಹೈಸ್ಕೂಲು ಇದೆ. ರಿಸಲ್ಟ್ ಎಷ್ಟು ಎಂದು ಕೇಳುತ್ತಾರೆ ಎಂದು ನಾನು ಹಾಳೆ ಹಿಡಿದು ಸಿದ್ಧಳಾಗಿ ಕೂತಿದ್ದೆ. ಅವರು ಅದನ್ನು ಕೇಳಲೇ ಇಲ್ಲ. ಮಗಳ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ನಿಮ್ಮ ಸಾಲ್ಯಾಗ ಹೆಣ್ಣುಹುಡುಗ್ಯಾರಿಗೆ ಬಾತ್‌ರೂಮ್ ಛಲೋ ಐತಂತಲ್ರಿ, ಖರೆ ಏನ್ರಿ ಟೀಚರ್?" ಎಂದರು.

"ಖರೇ ಐತ್ರಿ!" ಎಂದೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಯಾವ ಪ್ರಶ್ನೆಗೂ ಇಷ್ಟು ಜಂಬದಿಂದ ಉತ್ತರ ಕೊಟ್ಟಿರಲಿಲ್ಲ.

ಮಗಳ ಶಾಲೆಗೆ ಹೋದಾಗ ಮಾರ್ಕ್ಸ್ ಎಷ್ಟು ಎಂದು ಕೇಳುವ ನೀವು, ಈ ಒಂದು ಪ್ರಶ್ನೆಯನ್ನು ಯಾವತ್ತಾದರೂ ಕೇಳಿದ್ದೀರಾ?