ಬೆಕ್ಕಿನ ಬಾಣಂತನ

ನಮ್ಮ ಮನೆಯ ಬೆಕ್ಕಿಗೆ ನಾವು ಹೆಸರಿಡಲಿಲ್ಲ. ಬಂದ ಹೊಸದರಲ್ಲಿ "ಹ್ವಾಯ್, ಇತ್ಲಾಗ್ ಬಾ" ಎಂದು ಕರೆದೂ ಕರೆದೂ, 'ಹ್ವಾಯ್' ಎನ್ನುವುದೇ ತನ್ನ ಹೆಸರು ಅಂತ ಅದು ತಿಳಿದುಕೊಂಡಿತು. ಕುಂದಾಪುರದ ಕಡೆಯವರು ದಿನಕ್ಕೆ ಎಷ್ಟು ಸಲ ಹ್ವಾಯ್ ಅನ್ನುತ್ತೇವೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ಕೊರಿಯರ್‌ನವನು ಗೇಟಿನಲ್ಲಿ ನಿಂತು ಕರೆದರೂ, ಬೇಲಿಯಾಚೆಯಿಂದ ನೆರೆಮನೆಯವರು ಕರೆದರೂ ಅದು ಬಾಲ ಎತ್ತಿಕೊಂಡು ಹಾಜರು. ಅದರಲ್ಲೂ ಬೆಳಿಗ್ಗೆ ಗಂಗೊಳ್ಳಿಯಿಂದ ಸ್ಕೂಟರಿನಲ್ಲಿ ಮೀನು ತರುವಾಕೆ "ಹ್ವಾಯ್ ಅಮ್ಮಾ" ಎನ್ನುವಷ್ಟರಲ್ಲಿ ಗೇಟಿನ ಕಂಬದ ಮೇಲೆ ಕೂತಾಗಿರುತ್ತಿತ್ತು. ಆಕೆಯೂ ಮೊದಲು ಅದಕ್ಕೊಂದು ಬೈಗೆ, ಅಂದರೆ ಬೇರೆ ಕಡೆಯವರು ಬೂತಾಯಿ ಅನ್ನುವ ಮೀನು, ಎಸೆದು ಆಮೇಲೆ ನಮ್ಮ ಕಡೆ ತಿರುಗುವುದು.

ಮರಿ ಹಾಕುವುದರಲ್ಲೂ ಅದು ಅಷ್ಟೇ ಚುರುಕು. ಒಂದು ಸಲದ ಮರಿಗಳಿಗೆಲ್ಲ ಮನೆ ಹುಡುಕಿ ಕೊಟ್ಟು ಉಸಿರು ಬಿಡುವಷ್ಟರಲ್ಲಿ ಅಕ್ಕಿ ಡಬ್ಬದ ಹಿಂದೆ ಮತ್ತೆ ಕುಂಯ್ ಕುಂಯ್. ಗಂಗೊಳ್ಳಿಯ ಐಸ್ ಪ್ಲಾಂಟಿನವರಿಗೆ ಕೊಟ್ಟಾಯಿತು, ವಂಡ್ಸೆಯ ನನ್ನ ಅಕ್ಕನ ಮನೆಗೆ ಕೊಟ್ಟಾಯಿತು. ಬೈಂದೂರಿಗೆ ಮದುವೆಗೆ ಹೋದಾಗ ಊಟದ ಪಂಕ್ತಿಯಲ್ಲೇ ಗಿರಾಕಿ ಹುಡುಕಿದೆ. ಕೊನೆಗೆ ನಾನು ಫೋನ್ ಮಾಡಿದರೆ ಅಕ್ಕ ಹಲೋ ಅನ್ನುವ ಮೊದಲೇ "ಮರಿ ವಿಷ್ಯ ಅಲ್ದಲೆ?" ಎಂದು ಕೇಳುವಂತಾಯಿತು. ಬೆಕ್ಕೂ ಬಡಕಲಾಗಿತ್ತು. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತಿತ್ತು. ಇನ್ನು ಸಾಕು, ಆಪರೇಷನ್ ಮಾಡಿಸುವುದೇ ಸರಿ ಎಂದು ನಾನೂ ನಮ್ಮವರೂ ನಿಶ್ಚಯಿಸಿದೆವು.

ಅತ್ತೆಯವರಿಗೆ ಇದು ಸರಿ ಕಾಣಲಿಲ್ಲ.

"ಮೂಕಪ್ರಾಣಿ. ಅದ್ರ ಹತ್ರ ಕೇಂಡ್ರ್ಯಾ ನೀವ್?" ಅಂದರು.

"ಎರಡನೆಯ ಬಾಳಂತನ ಆದ್ಮೇಲೆ ನನ್ನ ಆಪರೇಷನ್ ಮಾಡ್ಸುವಾಗ ನನ್ನ ಹತ್ರ ಯಾರ್ ಕೇಂಡಿರ್?" ಅಂದೆ ನಾನು.

"ನಿಂಗೆ ಬಾಯಿ ಇತ್ತಲೆ, ಹೇಳುಕಾಗ್ತಿತ್ತ್" ಅಂದವರು, ನಗು ಬಂದದ್ದು ಕಾಣಬಾರದೆಂದು ಎದ್ದು ಒಳಗೆ ಹೋದರು.

ಹಿಂದಿನ ರಾತ್ರಿಯಿಂದ ಏನೂ ಕೊಡಬಾರದೆಂದು ಡಾಕ್ಟರ್ ಹೇಳಿದ್ದರು. ಮೀನಿನ ಸ್ಕೂಟರ್ ಬರುವ ಹೊತ್ತಿಗೆ ಅದನ್ನು ಬಚ್ಚಲಿಗೆ ಹಾಕಿ, ಸದ್ದು ಕೇಳದಿರಲಿ ಎಂದು ನಲ್ಲಿ ಬಿಟ್ಟೆ. ಬೆಕ್ಕಿನ ಗೂಡು ನಮ್ಮಲ್ಲಿರಲಿಲ್ಲ. ಬಟ್ಟೆ ಒಗೆಯುವ ಬುಟ್ಟಿಯೊಳಗೆ ಅದನ್ನು ಕೂರಿಸಿ, ಇನ್ನೊಂದು ಬುಟ್ಟಿ ಕವುಚಿ, ಬಟ್ಟೆ ಒಣಹಾಕುವ ನೇಲೆ ಹಗ್ಗದಲ್ಲಿ ಬಿಗಿದೆವು. ಬಸ್ರೂರಿನಿಂದ ಕುಂದಾಪುರದವರೆಗೂ ಆಟೋದಲ್ಲಿ ಅದರದ್ದೇ ಭಾಷಣ. ಚಾಲಕ ಹಿಂದೆ ತಿರುಗಿ ನೋಡಿ, "ಎಂತ ಮರ್ರೆ, ಕೋಳಿ ಅಂದ್ಕಂಡಿದ್ದೆ. ಅಂಕಕ್ಕೆ ಹೊರ್ಟದ್ದ್ ಅಂತ ಮಾಡ್ದೆ" ಅಂದ. ಕೋಳಿ ಅಂಕದ, ಅಂದರೆ ಕೋಳಿ ಕಾಳಗದ, ಹೆಸರು ಕೇಳಿದ್ದೇ ನಮ್ಮವರಿಗೆ ಉತ್ಸಾಹ ಬಂದು, ಆಸ್ಪತ್ರೆ ಬರುವವರೆಗೂ ಇಬ್ಬರೂ ಅದನ್ನೇ ಮಾತಾಡಿದರು.

ಮಧ್ಯಾಹ್ನದ ಹೊತ್ತಿಗೆ ಬೆಕ್ಕು ಕೈಗೆ ಬಂತು. ಕಣ್ಣು ಅರ್ಧ ತೆರೆದು, ನಾಲಿಗೆಯ ತುದಿ ಹೊರಗೆ ಹಾಕಿ, ಒದ್ದೆ ಬಟ್ಟೆಯ ಹಾಗೆ ಮಲಗಿತ್ತು. ಡಾಕ್ಟರ್ ಘಟ್ಟದ ಮೇಲಿನವರು, ಸಣ್ಣ ಪ್ರಾಯದ ಹೆಂಗಸು. ಗಾಯ ನೆಕ್ಕದ ಹಾಗೆ ಹೊಟ್ಟೆಗೆ ಮೆತ್ತನೆ ಬಟ್ಟೆ ಹಾಕಿ, ಮೇಲೆ ಹಾರಲು ಬಿಡಬೇಡಿ ಎಂದೆಲ್ಲ ಹೇಳಿ, ಕೊನೆಗೆ ಒಂದು ಮಾತನ್ನು ಒತ್ತಿ ಹೇಳಿದರು: "ಇವತ್ತು ಸಂಜೆ ಸ್ವಲ್ಪ, ನಾಳೆಯಿಂದ ಸರಿಯಾಗಿ ತಿನ್ನಬೇಕು. ಮೊದಲೇ ಬಡಕಲು. ತಿನ್ನದೇ ಕೂತರೆ ಕಷ್ಟ, ಕೂಡಲೇ ವಾಪಸ್ ಕರ್ಕೊಂಡ್ ಬನ್ನಿ."

ಮನೆಗೆ ಬಂದು ಬುಟ್ಟಿ ಬಿಚ್ಚಿದಾಗ ಅತ್ತೆ ಅದರ ಮುಖ ನೋಡಿದರು. ಅಷ್ಟೇ. ಪಾಪ ಪುಣ್ಯದ ಮಾತೆಲ್ಲ ಅಲ್ಲಿಗೆ ಮುಗಿಯಿತು. ಒಳಗೆ ಹೋಗಿ ತಮ್ಮ ಟ್ರಂಕು ತೆರೆದು, ತೊಳೆದು ತೊಳೆದು ಬೆಣ್ಣೆಯಂತಾದ ಹಳೆಯ ಹತ್ತಿ ಸೀರೆಯ ಪಟ್ಟಿಯೊಂದನ್ನು ತಂದರು. ನನ್ನ ಎರಡು ಬಾಣಂತನದಲ್ಲೂ ನನ್ನ ಹೊಟ್ಟೆಗೆ ಸುತ್ತಿದ ಪಟ್ಟಿ ಅದು! ಅದರಿಂದ ಒಂದು ತುಂಡು ಕತ್ತರಿಸಿ, ಕಾಲು ತೂರಿಸಲು ತೂತು ಮಾಡಿ, ಬೆಕ್ಕನ್ನು ಮಡಿಲಲ್ಲಿ ಮಲಗಿಸಿಕೊಂಡು, ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಹಾಗೆ ಸುತ್ತಿ ಬೆನ್ನ ಮೇಲೆ ಗಂಟು ಹಾಕಿದರು. ಒಲೆ ಇರುವ ಹಳೆ ಬಚ್ಚಲಿನ ಬೆಚ್ಚಗಿನ ಮೂಲೆಯಲ್ಲಿ ಗೋಣಿ ಹಾಸಿ ಮಲಗಿಸಿದರು. ಮರಿ ಹಾಕದ ಹಾಗೆ ಮಾಡಿಸಿಕೊಂಡು ಬಂದ ಬೆಕ್ಕಿಗೆ ನಮ್ಮ ಮನೆಯಲ್ಲಿ ಬಾಣಂತನ ಶುರುವಾಯಿತು.

ಕಾಳುಮೆಣಸು ಬೆಳ್ಳುಳ್ಳಿ ಹಾಕಿ ಕಷಾಯ ಕುದಿಸಲು ಹೊರಟವರನ್ನು ನಾನು ಹೇಗೋ ತಡೆದೆ. ಗಾಯಕ್ಕೆ ಹಚ್ಚಲು ತಂದ ಎಣ್ಣೆಯ ಬಾಟಲಿಯನ್ನೂ ವಾಪಸ್ ಇಡಿಸಿದೆ. ಆದರೆ ಒಂದು ವಿಷಯದಲ್ಲಿ ಅವರು ಜಗ್ಗಲಿಲ್ಲ.

"ಹೊಲಿಗೆ ಒಣಗುವರೆಗೆ ಮೀನ್ ಕೊಡುಕಾಗ. ನಂಜ್ ಆತ್ತ್."

ನಮ್ಮ ಕಡೆ ಗಾಯವಾದವರಿಗೆ ಕೊಡಬಾರದ, ತಿಂದರೆ ಗಾಯದಲ್ಲಿ ಕೀವು ತುಂಬುತ್ತದೆ ಅನ್ನುವ ಪದಾರ್ಥಗಳೆಲ್ಲ ನಂಜು. ಬದನೆಕಾಯಿ ನಂಜು, ಬಂಗುಡೆ ನಂಜು, ಬೈಗೆ ಅಂತೂ ಮಹಾ ನಂಜು. ಅದೇ ಕಟ್ಟಳೆಯಲ್ಲಿ ನಾನೂ ಗಂಜಿ ಉಂಡವಳು. ನಿಜ ಹೇಳಬೇಕೆಂದರೆ ಅರ್ಧ ನಂಬುವವಳೂ ಹೌದು. ಹಾಗಾಗಿ ಬೆಕ್ಕಿನ ಮುಂದೆ ಕುಚ್ಚಲಕ್ಕಿ ಗಂಜಿಯ ತಿಳಿ ಬಂತು. ಅದು ಮೂಸಿ ಮುಖ ತಿರುಗಿಸಿತು. ಇದನ್ನಾದರೂ ತಿನ್ನಲಿ ಎಂದು ಅನ್ನಕ್ಕೆ ಹಾಲು ಕಲಸಿ ಇಟ್ಟೆ. ಗೋಡೆಗೆ ಮುಖ ಮಾಡಿ ಮಲಗಿತು. ಸಂಜೆ ಏನೂ ಇಲ್ಲ. ಮರುದಿನ ಬೆಳಿಗ್ಗೆಯೂ ಇಲ್ಲ. ಬೆರಳಿನಲ್ಲಿ ತುಪ್ಪ ಸವರಿ ತುಟಿಗೆ ಹಚ್ಚಿದರೆ ಅದನ್ನೂ ಪಟ್ಟಿಗೆ ಒರೆಸಿಕೊಂಡಿತು. ಕಿವಿ ತಣ್ಣಗಾಗಿತ್ತು. ಅತ್ತೆಯವರ ಎದುರೇ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಮೀನು ಬೇಯಿಸಿ, ಮುಳ್ಳು ತೆಗ್ದು ಕೊಡಿ ಮೇಡಂ. ಏನೂ ಆಗಲ್ಲ" ಅಂದರು ಅವರು. "ಮಧ್ಯಾಹ್ನದೊಳಗೆ ತಿನ್ನದಿದ್ರೆ ತಂದುಬಿಡಿ, ಡ್ರಿಪ್ ಹಾಕೋಣ."

ಫೋನ್ ಇಟ್ಟ ಮೇಲೆ ಅತ್ತೆ ಅಂದರು: "ಅವ್ರ್ ಘಟ್ಟದ್ ಮೇಲ್ನರ್. ಮೀನಿನ ನಂಜ್ ಅವ್ರಿಗೆ ಎಂತ ಗೊತ್ತಿತ್ತ್?"

"ಅತ್ತಿ, ಅದ್ ಬೆಕ್ಕ್!"

"ಬೆಕ್ಕಾರೆ ಹೊಲಿಗೆ ಹೊಲಿಗೆ ಅಲ್ದಾ?"

ನಮ್ಮವರು ಪೇಪರಿನ ಹಿಂದಿನಿಂದ, "ಗಂಜಿಗೆ ಉಪ್ಪಿನಕಾಯಿ ಹಾಕಿ ಕಾಂಬ" ಅಂದರು. ಇಬ್ಬರೂ ಸೇರಿ ಅವರನ್ನು ಒಂದು ಬಾರಿ ನೋಡಿದೆವು. ಪೇಪರ್ ಮತ್ತೆ ಮೇಲೆ ಹೋಯಿತು. ನಾನು ಬಟ್ಟೆ ಬುಟ್ಟಿಗಳನ್ನೂ ನೇಲೆ ಹಗ್ಗವನ್ನೂ ಮತ್ತೆ ಜಗಲಿಗೆ ತಂದಿಟ್ಟೆ. ಅತ್ತೆ ಆ ಬುಟ್ಟಿಗಳನ್ನು ನೋಡಿದರು.

ಆ ಹೊತ್ತಿಗೇ ಗೇಟಿನಲ್ಲಿ ಸ್ಕೂಟರ್ ನಿಂತಿತು. "ಹ್ವಾಯ್ ಅಮ್ಮಾ!"

ಬಚ್ಚಲ ಬಾಗಿಲಿನಲ್ಲಿ ಅದು ಕಾಣಿಸಿತು. ಹಿಂಗಾಲು ಒಂದು ಕಡೆ, ಮುಂಗಾಲು ಇನ್ನೊಂದು ಕಡೆ, ಬೆನ್ನ ಮೇಲೆ ಸೀರೆಯ ಗಂಟು. ಗೋಡೆಗೆ ಮೈ ಆನಿಸಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ ಜಗಲಿಯವರೆಗೆ ಬಂತು. ಮೆಟ್ಟಿಲು ಇಳಿಯಲಾಗದೆ ಅಲ್ಲೇ ಕೂತು, ಸದ್ದೇ ಹೊರಡದ ಬಾಯಿ ತೆರೆಯಿತು.

"ಅಯ್ಯೋ ದೇವ್ರೆ, ಇದ್ಕೆ ಸೀರೆ ಉಡ್ಸಿದ್ರ್ಯಾ?" ಮೀನಿನಾಕೆ ಸ್ಕೂಟರಿನ ಮೇಲೇ ಬಿದ್ದು ನಕ್ಕಳು. ಅಭ್ಯಾಸದಂತೆ ಬೈಗೆ ಎತ್ತಿದವಳು ಅತ್ತೆಯವರ ಮುಖ ನೋಡಿ ಕೈ ತಡೆದಳು.

ಅತ್ತೆ ನಿಂತೇ ಇದ್ದರು. ಬೆಕ್ಕು ಅವರನ್ನೇ ನೋಡುತ್ತಿತ್ತು, ಅವರು ಮೀನಿನ ಪೆಟ್ಟಿಗೆಯನ್ನು.

"ಕಾಣೆ ಇತ್ತಾ?" ಅಂತ ಕೇಳಿದರು ಕೊನೆಗೆ.

"ಇತ್ತಮ್ಮ. ಈಗಷ್ಟೇ ಬಂದ್ ಮೀನ್. ಯಾರ್ ನೆಂಟ್ರ್ ಬಪ್ಪುದ್ ಇವತ್ತ್?"

"ನೆಂಟ್ರಲ್ಲ. ಬಾಳಂತಿಗೆ."

ಕಾಣೆ ನಂಜಲ್ಲ! ಜ್ವರ ಬಿಟ್ಟವರಿಗೆ, ಹಲ್ಲು ಬರುವ ಮಕ್ಕಳಿಗೆ, ಬಾಣಂತಿಗೆ ಮೊದಲು ಕೊಡುವ ಮೀನೇ ಅದು. ನನಗೂ ಅವರೇ ಬೇಯಿಸಿ ಕೊಟ್ಟಿದ್ದರು. ಅವರ ಕಟ್ಟಳೆಯೊಳಗೇ ಇಂಥದೊಂದು ಬಾಗಿಲು ಇರುವುದು ನನಗೆ ಹೊಳೆದೇ ಇರಲಿಲ್ಲ.

ಉಪ್ಪು, ಖಾರ ಏನೂ ಹಾಕದೆ ಅವರೇ ಬೇಯಿಸಿದರು. ಮೆಟ್ಟಿಲ ಮೇಲೆ ಕಾಲು ನೀಡಿ ಕೂತು, ಕನ್ನಡಕ ಏರಿಸಿ, ನಡು ಮುಳ್ಳನ್ನು ಇಡಿಯಾಗಿ ಎಳೆದು ತೆಗೆದು, ಬಿಳಿ ಮಾಂಸವನ್ನು ಬೆರಳಲ್ಲಿ ಹಿಸುಕಿ ಹಿಸುಕಿ ಸಣ್ಣ ಮುಳ್ಳು ಹುಡುಕಿದರು. ಮೊದಲ ತುತ್ತನ್ನು ಅಂಗೈಯಲ್ಲಿ ಹಿಡಿದರು. ಬೆಕ್ಕು ಮೂಸಿತು. ನೆಕ್ಕಿತು. ಆಮೇಲೆ ಅಂಗೈಯನ್ನೂ ಬಿಡದೆ ನೆಕ್ಕಿ, ತಟ್ಟೆಗೆ ಮೂತಿ ಹಾಕಿತು.

"ತಿಂತ್" ಅಂದರು ಅತ್ತೆ, ಯಾರಿಗೂ ಅಲ್ಲದ ಹಾಗೆ. ನಾನು ಬುಟ್ಟಿಗಳನ್ನು ಒಳಗಿಟ್ಟೆ.

ಆ ದಿನದಿಂದ ಮನೆಯಲ್ಲಿ ಬೆಕ್ಕಿಗೆ ಕಾಣೆ, ನಮಗೆ ಬೈಗೆ. "ಇನ್ನೊಂದ್ ಜನ್ಮ ಅಂತ ಇದ್ರೆ ಈ ಮನೆಯಲ್ಲ್ ಬೆಕ್ಕಾಯಿ ಹುಟ್ಕ್" ಎಂದು ನಮ್ಮವರು ಊಟದ ಮುಂದೆ ದಿನವೂ ಗೊಣಗಿದರು. "ಆಪರೇಷನ್ ಮಾಡ್ಸ್ಕೊ, ಕಾಣೆ ಕೊಡ್ತೆ" ಎಂದು ಅತ್ತೆ ಮಗನಿಗೆ ಹೇಳಿದ್ದು ಕೇಳಿ ನಾನು ಅಡುಗೆಮನೆಗೆ ಓಡಿದೆ.

ಹೊಲಿಗೆ ಬಿಚ್ಚಲು ಹೋದಾಗ ಡಾಕ್ಟರ್ ಗಾಯದ ಮೇಲೆ ಬೆರಳಾಡಿಸಿ, "ಎಷ್ಟು ಚೆನ್ನಾಗಿ ಒಣಗಿದೆ, ತೂಕವೂ ಏರಿದೆ" ಅಂದರು. ಮನೆಗೆ ಬಂದು ಹೇಳಿದೆ. "ನಂಜ್ ಮಾಡ್ಲಿಲ್ಲಲೆ, ಅದ್ಕೆ" ಅಂದರು ಅತ್ತೆ. ಬೆಕ್ಕಿನ ಮೈಯಿಂದ ಬಿಚ್ಚಿದ ತುಂಡನ್ನು ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಹಾಕಿ, ಉಳಿದ ಪಟ್ಟಿಯ ಜೊತೆಗೇ ಮಡಚಿ ಟ್ರಂಕಿನಲ್ಲಿಟ್ಟರು.

ಮರುದಿನ ಬೆಳಿಗ್ಗೆ ಗೇಟಿನ ಕಂಬದ ಮೇಲೆ ಬೆಕ್ಕು ಮತ್ತೆ ಹಾಜರಿತ್ತು. ಮೀನಿನಾಕೆ ಖುಷಿಯಿಂದ ಎರಡು ಬೈಗೆ ಎಸೆದಳು. ಅದು ಇಳಿದು ಬಂದು ಮೂಸಿತು, ಮುಟ್ಟಲಿಲ್ಲ. ತಲೆ ಎತ್ತಿ ಜಗಲಿಯಲ್ಲಿದ್ದ ಅತ್ತೆಯವರನ್ನು ನೋಡುತ್ತಾ ಕೂತಿತು.

"ಬಾಳಂತನ ಮುಗೀತ್ ಹೆಣೆ" ಅಂದರು ಅತ್ತೆ, ಮಗಳಿಗೆ ಹೇಳುವ ಹಾಗೆ. "ಇನ್ ಬೈಗೆ ತಿನ್ನ್."

ಅದು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ತಿಂದಿತು, ಎರಡನ್ನೂ, ತಲೆ ಸಮೇತ.