ಕಂಡಕ್ಟರ್ ಚನ್ನೇಶ ಗಾಳ ಹಾಕಲು ಕಲಿತದ್ದು

ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಕಾಲ ಕಳೆದ ಚನ್ನೇಶನಿಗೆ ನಿವೃತ್ತಿಯಾದ ಮೇಲೆ ಇದ್ದದ್ದು ಒಂದೇ ಆಸೆ. ಎಲ್ಲಾದರೂ ಒಂದು ಕಡೆ ಸುಮ್ಮನೆ ಕೂರಬೇಕು.

ಎಲ್ಲಾದರೂ ಅಂದರೆ ಹಳೇಬೀಡಿನ ಕೆರೆ ಏರಿಯ ಮೇಲೆ. ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಬಸ್ಸಿನಲ್ಲಿ ಅವನು ಕಂಡಕ್ಟರ್ ಆಗಿದ್ದ. ದಿನಕ್ಕೆ ನಾಲ್ಕು ಸಲ ಆ ಕೆರೆ ಕಿಟಕಿಗೆ ಬಂದು ಹೋಗುತ್ತಿತ್ತು. ಏರಿಯ ಕಲ್ಲಿನ ಮೇಲೆ ಯಾರಾದರೊಬ್ಬರು ಗಾಳ ಹಿಡಿದು ಕೂತಿರುತ್ತಿದ್ದರು. ಬೆಳಗಿನ ಟ್ರಿಪ್ಪಿನಲ್ಲಿ ಕಂಡವರು ಸಂಜೆಯ ಟ್ರಿಪ್ಪಿನಲ್ಲೂ ಅಲ್ಲೇ. "ಇವ್ರಿಗೇನು ಬೇರೆ ಕಸುಬಿಲ್ವಾ?" ಎಂದು ಬಸ್ಸಿನವರು ನಗುತ್ತಿದ್ದರು. ಚನ್ನೇಶ ನಗುತ್ತಿರಲಿಲ್ಲ. ಟಿಕೆಟ್ ಹರಿದುಕೊಡುತ್ತಲೇ ಕತ್ತು ಹೊರಳಿಸಿ, ತಿರುವು ದಾಟುವವರೆಗೂ ಅವರನ್ನು ನೋಡುತ್ತಿದ್ದ.

ಆ ದಿನಗಳ ಬಸ್ಸು ಈಗಲೂ ಅವನ ಮೂಗಿನಲ್ಲಿದೆ. ಅರಸೀಕೆರೆಯಲ್ಲಿ ಹತ್ತುವ ಕೊಬ್ಬರಿ ಮೂಟೆಗಳ ಎಣ್ಣೆ ವಾಸನೆ, ಬೇಲೂರಿನ ದೇವಸ್ಥಾನಕ್ಕೆ ಹೋಗುವ ತುಳಸಿ ಮಾಲೆ, ಮಾದಿಹಳ್ಳಿ ಕಡೆಯವರ ಹಾಲಿನ ಕ್ಯಾನು, ಯಾರದೋ ಮದುವೆಯ ಮಲ್ಲಿಗೆ ಬುಟ್ಟಿ. ಕಣ್ಣು ಕಟ್ಟಿ ನಿಲ್ಲಿಸಿದರೂ ಯಾವ ಸ್ಟಾಪು ಬಂತೆಂದು ವಾಸನೆಯ ಮೇಲೇ ಹೇಳುತ್ತಿದ್ದ. ಈಗಿನ ಬಸ್ಸಿಗೆ ಯಾವ ವಾಸನೆಯೂ ಇಲ್ಲ ಎಂಬುದು ಅವನ ದೂರು.

ನಿವೃತ್ತಿಯಾದ ಎರಡನೇ ತಿಂಗಳು ಅರಸೀಕೆರೆಗೆ ಹೋಗಿ, ಒಂದು ಅಂಗಡಿಯಲ್ಲಿ ಮಡಿಸುವ ಗಾಳದ ಕೋಲು ಕೊಂಡ. ಹಸಿರು ಬಣ್ಣದ್ದು, ತಿರುಗಿಸುವ ರೀಲು ಬೇರೆ. ಫೋನಿನಲ್ಲಿ ನಾಲ್ಕು ವೀಡಿಯೊ ನೋಡಿದ. ಬ್ರೆಡ್ಡಿನ ಉಂಡೆ ಕಟ್ಟಿಕೊಂಡು ಏರಿಗೆ ಹೋದ. ಮನೆಯಲ್ಲಿ ಹೇಳಲಿಲ್ಲ. ಅದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಹೆಂಡತಿ ಉಷಾರಾಣಿ ಬೆಳಗ್ಗೆ ಲಿಂಗಪೂಜೆ ಮುಗಿಸಿದ ಮೇಲೇ ಹೊಲಿಗೆ ಮೆಷಿನ್ ಮುಟ್ಟುವವಳು. ಅವಳಿಗೆ ಏನೆಂದು ಹೇಳುವುದು?

ವೀಡಿಯೊದಲ್ಲಿ ತೋರಿಸಿದಂತೆ ಕೋಲನ್ನು ಹೆಗಲ ಹಿಂದಕ್ಕೆ ತಂದು ಜೋರಾಗಿ ಬೀಸಿದ. ದಾರ ನೀರಿಗೆ ಹೋಗಲೇ ಇಲ್ಲ. ಹಿಂದಿದ್ದ ಜಾಲಿ ಮರಕ್ಕೆ ಸುತ್ತಿಕೊಂಡಿತು. ಬಿಡಿಸಲು ಹೋಗಿ ಅಂಗಿ ಹರಿಯಿತು, ಬ್ರೆಡ್ಡು ಇರುವೆ ಪಾಲಾಯಿತು.

ಯಾರೋ ನಕ್ಕ ಸದ್ದು. ಹತ್ತು ಮಾರು ದೂರದಲ್ಲಿ, ಒಂದು ಬಿದಿರು ಕೋಲು ಹಿಡಿದು, ಮಂಡಿ ಮಡಚಿ ಕೂತಿದ್ದ ಮುದುಕಿ.

"ಮರದಾಗೆ ಮೀನಿಲ್ಲ ಸ್ವಾಮಿ. ನೀರ್ಗಾಕಿ."

ಚನ್ನೇಶನಿಗೂ ನಗು ಬಂತು. ಆದರೆ ಮುಖ ನೋಡಿದ ಕೂಡಲೇ ಹರಿದ ಅಂಗಿ ಸರಿಮಾಡುವ ನೆಪದಲ್ಲಿ ಅತ್ತ ತಿರುಗಿದ. ಆಕೆ ಮಾರಮ್ಮ. ಒಂದು ಕಾಲದಲ್ಲಿ ಮೀನಿನ ಬುಟ್ಟಿ ಹೊತ್ತು ಅವನ ಬಸ್ಸಿಗೆ ಹತ್ತುತ್ತಿದ್ದವಳು. ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ಗುರುತು ಹತ್ತಿತು. ಆಕೆಗೆ ಅವನ ಗುರುತು ಸಿಕ್ಕಂತೆ ಕಾಣಲಿಲ್ಲ. ಖಾಕಿ ಬಟ್ಟೆ, ಚರ್ಮದ ಚೀಲ, ಬಾಯಲ್ಲಿ ವಿಷಲ್ ಇಲ್ಲದ ಕಂಡಕ್ಟರನ್ನು ಯಾರು ತಾನೇ ಗುರುತು ಹಿಡಿಯುತ್ತಾರೆ?

ಮಾರಮ್ಮ ಎದ್ದು ಬಂದು, ಸಿಕ್ಕಿದ್ದ ದಾರವನ್ನು ಹಲ್ಲಿನಿಂದ ಕಡಿದು ಬಿಡಿಸಿಕೊಟ್ಟಳು. ಹಸಿರು ಕೋಲನ್ನು ತಿರುಗಿಸಿ ನೋಡಿ, "ಇದ್ನ ಮನೇಲಿ ಬಟ್ಟೆ ಒಣಗಾಕಕ್ಕೆ ಮಡಿಕಳಿ" ಎಂದಳು. ಮರುದಿನ ಅವನಿಗೆಂದೇ ಒಂದು ಬಿದಿರು ಕೋಲು ತಂದಳು. ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿದ್ದು. ಕಲಿಕೆ ಶುರುವಾಯಿತು.

ಮೊದಲ ಪಾಠ ಎರೆಹುಳುವಿನದು. ಮಾರಮ್ಮ ತೆಂಗಿನ ಚಿಪ್ಪಿನಲ್ಲಿ ತಂದ ಹುಳುವನ್ನು ಚನ್ನೇಶನ ಕೈಯಿಂದ ಮುಟ್ಟಲಾಗಲಿಲ್ಲ. ಅವನು ಮುಖ ಕಿವುಚಿದ್ದನ್ನು ಕಂಡು ಆಕೆ ಕೇಳಿದಳು: "ನಿಮ್ಮನೇಲಿ ತಿನ್ನಕಿಲ್ವೇನು?"

"ಇಲ್ಲಮ್ಮ."

"ಮತ್ಯಾಕ್ ಬಂದ್ರಿ?"

"ಸುಮ್ಮನೆ ಕೂತ್ಕೊಳ್ಳೋದಕ್ಕೆ."

ಮಾರಮ್ಮ ಹುಳುವನ್ನು ಚಿಪ್ಪಿಗೆ ವಾಪಸು ಹಾಕಿದಳು. "ಅಂಗಾರೆ ನಿಮ್ಗೆ ಗೆಂಡೆ ಮೀನೇ ಸರಿ. ಅದುಕ್ಕೆ ಹುಳಾನೇ ಬೇಕು ಅಂತೇನಿಲ್ಲ. ರಾಗಿಮುದ್ದೆ ಕೊಟ್ರೂ ತಿಂತದೆ. ಒಂಥರಾ ನಿಮ್ ಜನಾನೇ."

ತಣ್ಣನೆಯ ರಾಗಿಮುದ್ದೆಗೆ ಕಡಲೆಕಾಯಿ ಹಿಂಡಿ ಪುಡಿ ಮಾಡಿ ಬೆರೆಸಿ, ಗೋಲಿಯಷ್ಟು ಉಂಡೆ ಕಟ್ಟಬೇಕು. ಗಾಳದ ಕೊಕ್ಕೆ ಕಾಣದ ಹಾಗೆ ಅದರೊಳಗೆ ಹುದುಗಿಸಬೇಕು. ಆದರೆ ಗಾಳ ಹಾಕುವ ಮೊದಲು ಮೂರು ದಿನ, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಹಿಡಿ ತವುಡು ಎರಚಿ ಮನೆಗೆ ಹೋಗಬೇಕು.

"ಮೂರು ದಿನ ಗಾಳಾನೇ ಹಾಕೋದು ಬೇಡ್ವಾ?"

"ಬ್ಯಾಡ. ಸುಮ್ನೆ ಉಣ್ಣಕ್ಕಿಕ್ಕಿ. ಈ ಜಾಗದಾಗೆ ಭಯ ಇಲ್ಲ ಅಂತ ಅದುಕ್ಕೆ ಗೊತ್ತಾಗ್ಲಿ. ಗೆಂಡೆ ಬಲೇ ಅಂಜ್ಕುಳಿ. ನಿಮ್ ನೆಳ್ಳು ನೀರ್ ಮ್ಯಾಲೆ ಬಿದ್ರೆ ಆ ದಿಸ ಈ ಕಡೀಕೆ ಬರಕಿಲ್ಲ."

ಹಾಗಾಗಿ ಸೂರ್ಯ ಬೆನ್ನಿಗಿರದ ಹಾಗೆ ಕೂರುವುದನ್ನು ಕಲಿತ. ನೀರಿನ ಮೇಲೆ ತೇಲುವ ಬೆಂಡನ್ನು ಓದುವುದನ್ನು ಕಲಿತ. ಚಿಕ್ಕ ಮೀನಾದರೆ ಬೆಂಡು ಪಟಪಟ ಕುಣಿಯುತ್ತದೆ. ಗೆಂಡೆಯಾದರೆ ಮೊದಲು ಸುಮ್ಮನೆ ನಡುಗುತ್ತದೆ, ನಿಲ್ಲುತ್ತದೆ, ಮತ್ತೆ ನಡುಗುತ್ತದೆ. ಉಂಡೆಯನ್ನು ಬಾಯಿಗೆ ಎಳೆದುಕೊಂಡು, ರುಚಿ ನೋಡಿ, ಉಗುಳುವ ಮೀನು ಅದು. ಅವಸರ ಪಟ್ಟು ಎಳೆದರೆ ಕೊಕ್ಕೆ ಬರಿದೇ ಬರುತ್ತದೆ. ಬೆಂಡು ಓರೆಯಾಗಿ ಸರಿದು ಮುಳುಗಿದಾಗ ಮಾತ್ರ ಎಳೆಯಬೇಕು. ಇಪ್ಪತ್ತು ದಿನ ಅವನು ಅವಸರವನ್ನೇ ಪಟ್ಟ. ಜನ ಇಳಿದು ಮುಗಿಯುವ ಮೊದಲೇ ರೈಟ್ ಹೇಳಿ ಅಭ್ಯಾಸವಾಗಿದ್ದ ಕೈ ಅದು.

ಈ ನಡುವೆ ಮನೆಯಲ್ಲಿ ಗುಟ್ಟು ರಟ್ಟಾಯಿತು.

"ನಿನ್ನೆ ಮುದ್ದೆ ಒಂದು ಉಳಿದಿತ್ತಲ್ರೀ, ಎಲ್ಲಿ?" ಎಂದಳು ಉಷಾರಾಣಿ.

ಚನ್ನೇಶನಿಗೆ ಸುಳ್ಳು ಹೊಳೆಯಲಿಲ್ಲ. ಎಲ್ಲವನ್ನೂ ಹೇಳಿದ. ಅವಳು ಮೆಷಿನ್ ನಿಲ್ಲಿಸಿ ಗಂಡನನ್ನೇ ನೋಡಿದಳು. "ಅರವತ್ತಾದ ಮೇಲೆ ಇದೊಂದು ಬಾಕಿ ಇತ್ತು ನೋಡಿ. ಮೀನು ನಮ್ಮ ಹೊಸ್ತಿಲು ದಾಟಂಗಿಲ್ಲ. ಸ್ನಾನ ಮಾಡದೆ ನೀವೂ ದಾಟಂಗಿಲ್ಲ." ಅಷ್ಟೇ ಹೇಳಿ ಮತ್ತೆ ಹೊಲಿಯುತ್ತಿದ್ದ ರವಿಕೆಗೆ ಕೈ ಹಾಕಿದಳು. ಆದರೆ ಮಾರನೆಯ ರಾತ್ರಿಯಿಂದ ಮುದ್ದೆ ಕಟ್ಟುವಾಗ ಒಂದು ಹೆಚ್ಚಿಗೆ ಕಟ್ಟತೊಡಗಿದಳು.

ಎಲ್ಲ ಸರಿಯಾಗಿತ್ತು, ಒಂದು ಮುಳ್ಳು ಬಿಟ್ಟು. ಮಾರಮ್ಮ ಪಕ್ಕದಲ್ಲಿ ಕೂತು ಹಿಂದಿನ ಕಥೆ ಹೇಳುವಾಗೆಲ್ಲ ಅದು ಚುಚ್ಚುತ್ತಿತ್ತು. ಕೆರೆ ಒಣಗಿದ ವರ್ಷ ಕೆಸರಿನಲ್ಲಿ ಕೈಯಿಂದಲೇ ಮೀನು ಹಿಡಿದದ್ದು, ಗಂಡ ಸಣ್ಣಯ್ಯ ಬಲೆ ಬೀಸಿದರೆ ಅದು ಹೂವಿನ ಹಾಗೆ ಅರಳುತ್ತಿದ್ದದ್ದು, ಅವನು ಹೋದ ಮೇಲೆ ತಾನೇ ಬುಟ್ಟಿ ಹೊತ್ತು ಬೇಲೂರಿಗೆ ಮಾರಲು ಹೋಗಿ ಮಗಳನ್ನು ಸಾಕಿದ್ದು. ಬಸ್ಸಿನ ಮಾತು ಬಂದಾಗ ಚನ್ನೇಶ ಬೆಂಡಿನ ಕಡೆಗೆ ನೋಡುತ್ತಿದ್ದ.

ಕಾರ್ತಿಕದ ಒಂದು ಬೆಳಗ್ಗೆ ಬೆಂಡು ನಡುಗಿತು. ನಿಂತಿತು. ಚನ್ನೇಶನ ಕೈ ತುಡಿಯಿತು.

"ತಡ್ಕಳಿ," ಎಂದಳು ಮಾರಮ್ಮ, ಉಸಿರಿನಲ್ಲೇ.

ಬೆಂಡು ಓರೆಯಾಗಿ ಸರಿಯಿತು, ಮುಳುಗಿತು. ಎಳೆದ. ಕೋಲು ಬಿಲ್ಲಿನಂತೆ ಬಾಗಿ ಅಂಗೈಯಲ್ಲಿ ಗುಂಯ್ ಎಂದಿತು.

"ಎಳೀಬ್ಯಾಡಿ! ಅದ್ರ ತುಟಿ ಮೆತ್ತಗೆ, ಹರ್ದೋಯ್ತದೆ. ಓಡ್ಲಿ ಬಿಡಿ. ಸುಸ್ತಾಗ್ಲಿ. ಈಗ ಇತ್ತಾಗ್ ತಿರುಗ್ಸಿ. ಮೆಲ್ಲಗೆ, ಮೆಲ್ಲಗೆ..."

ಕಾಲು ಗಂಟೆಯಾಯಿತೋ ಅರ್ಧ ಗಂಟೆಯಾಯಿತೋ, ಚನ್ನೇಶನಿಗೆ ತಿಳಿಯಲಿಲ್ಲ. ಕೊನೆಗೆ ಮಾರಮ್ಮ ಮೊಣಕಾಲುದ್ದ ನೀರಿಗಿಳಿದು ಸೆರಗಿನಲ್ಲಿ ಅದನ್ನು ಬಾಚಿ ತಂದಳು. ಎರಡು ಕೆಜಿಗೆ ಕಮ್ಮಿಯಿಲ್ಲದ ಗೆಂಡೆ. ಹಿತ್ತಾಳೆ ಬಣ್ಣದ ದಪ್ಪ ಹುರುಪೆ, ಬಾಯಿಯ ಎರಡೂ ಕಡೆ ಪುಟ್ಟ ಮೀಸೆ. ಚನ್ನೇಶ ಅದರ ಬೆನ್ನ ಮೇಲೆ ಬೆರಳಿಟ್ಟ. ಜೀವಮಾನದಲ್ಲಿ ಮೀನು ಮುಟ್ಟಿದ್ದು ಅದೇ ಮೊದಲು.

"ಇದು ನಿಮಗೆ, ಅಮ್ಮ," ಎಂದ.

ಮಾರಮ್ಮನ ಮುಖ ಅರಳಿತು. "ಹಗರೇಲಿ ಮಗಳವ್ಳೆ. ಅವ್ಳಿಗೆ ಗೆಂಡೆ ಅಂದ್ರೆ ಪ್ರಾಣ. ಆಟೋದವನ್ನ ಕೇಳ್ತೀನಿ."

"ಆಟೋ ಯಾಕೆ? ಹೆಂಗಸರಿಗೆ ಬಸ್ಸು ಫ್ರೀ ಅಲ್ವಾ ಈಗ?"

"ನಮ್ಗೆ ಫ್ರೀ ಸ್ವಾಮಿ, ಮೀನಿಗಲ್ಲ. ಬುಟ್ಟಿ ಕಂಡ್ರೆ ಇಳಿ ಅಂತಾರೆ. ಮೊದ್ಲಿಂದ್ಲೂ ಅಂಗೇಯ."

ಇನ್ನು ತಡೆಯಲು ಆಗಲಿಲ್ಲ. ಚನ್ನೇಶ ಹೇಳಿಬಿಟ್ಟ.

ಹದಿನೆಂಟು ವರ್ಷದ ಹಿಂದೆ, ಆಷಾಢದ ಮಳೆ. ಕಿಟಕಿಗಳೆಲ್ಲ ಮುಚ್ಚಿದ್ದವು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮಾರಮ್ಮನ ಬುಟ್ಟಿಯ ನೀರು ಯಾರದೋ ಸೀರೆಯ ಚೀಲಕ್ಕೆ ತಾಗಿತು. ಇಳಿಸಿ, ಇಳಿಸಿ ಎಂದು ಇಡೀ ಬಸ್ಸು ಕೂಗಿತು. ಚನ್ನೇಶ ವಿಷಲ್ ಊದಿದ. ಬೇಲೂರು ಇನ್ನೂ ಐದಾರು ಮೈಲಿ ಇರುವಾಗ, ಹೊಲದ ನಡುವೆ, ಅವನೇ ಬುಟ್ಟಿ ಎತ್ತಿ ರಸ್ತೆಯ ಮೇಲಿಟ್ಟ. ಆಕೆ ಬೇಡಿಕೊಳ್ಳಲಿಲ್ಲ, ಬೈಯಲೂ ಇಲ್ಲ. ಬಸ್ಸು ಹೊರಟಾಗ ಅವನು ಹಿಂದಿನ ಗಾಜಿನಲ್ಲಿ ನೋಡಿದ. ಆಕೆ ಸೆರಗನ್ನು ತಲೆಗೆ ಹೊದೆಯದೆ ಬುಟ್ಟಿಗೆ ಹೊದಿಸುತ್ತಿದ್ದಳು.

"ಆ ಕಂಡಕ್ಟರ್ ನಾನೇ ಅಮ್ಮ."

ಮಾರಮ್ಮ ಅವನ ಮುಖವನ್ನು ತುಂಬಾ ಹೊತ್ತು ನೋಡಿದಳು. "ಬಾಳ ಜನ ಇಳ್ಸವ್ರೆ ಸ್ವಾಮಿ. ಮಳೇಲೂ ಇಳ್ಸವ್ರೆ, ಬಿಸ್ಲಾಗೂ ಇಳ್ಸವ್ರೆ. ಅದ್ರಾಗೆ ನೀವ್ಯಾರು ಅಂತ ನಂಗೆ ಗೊತ್ತಾಗಕಿಲ್ಲ."

ಮೀನನ್ನು ಬುಟ್ಟಿಗೆ ಹಾಕಿಕೊಂಡು, ಕೋಲು ಎತ್ತಿಕೊಂಡು, ಏರಿ ಇಳಿದು ಹೋದಳು.

ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಚನ್ನೇಶ ಗಾಳ ಹಾಕದೆ ಬರೀ ತವುಡು ಎರಚಿ ವಾಪಸಾದ. ಮನೆಯಲ್ಲಿ ಅನ್ನ ಸೇರಲಿಲ್ಲ. ಹೆಂಡತಿಗೆ ಬಸ್ಸಿನ ಕಥೆಯನ್ನೆಲ್ಲ ಬಿಚ್ಚಿಟ್ಟು, "ಹೇಳಿದ್ದು ತಪ್ಪಾಯ್ತೇನೆ?" ಎಂದು ಕೇಳಿದ್ದಕ್ಕೆ ಉಷಾರಾಣಿ, "ಮಾಡಿದ್ದು ತಪ್ಪು. ಹೇಳಿದ್ದು ತಡ ಆಯ್ತು," ಎಂದಳು.

ಐದನೆಯ ದಿನ ಮಾರಮ್ಮ ಬಂದು ತನ್ನ ಜಾಗದಲ್ಲಿ ಕೂತಳು. ಬೆಂಡು ನೀರಿಗೆ ಬಿಟ್ಟಳು.

"ನಾಕ್ ದಿಸ ಕುಂತು ನೆಪ್ಪು ಮಾಡ್ಕಂಡೆ. ಆ ಮಳೆ ನೆಪ್ಪೈತೆ. ನಿಮ್ ಮಕ ನೆಪ್ಪಿಲ್ಲ. ಆವತ್ತು ಮೀನೆಲ್ಲ ಕೆಟ್ಟೋಗಿ ಹಳ್ಳಕ್ಕೆ ಸುರಿದೆ. ಮನೇಲಿ ಮಗ್ಳು ಕಾಯ್ತಾ ಕುಂತಿದ್ಲು."

ಚನ್ನೇಶ ತಲೆ ತಗ್ಗಿಸಿದ.

"ಇಳ್ಸ್‌ದೋರು ಬಾಳ ಜನ. ಬಂದು ಹೇಳ್ದೋರು ನೀವೊಬ್ರೆ." ಆಕೆ ಬೆಂಡಿನಿಂದ ಕಣ್ಣು ತೆಗೆಯಲಿಲ್ಲ. "ಮುದ್ದೆ ತಂದಿದ್ರೆ ಒಸಿ ಕೊಡಿ ಇತ್ಲಾಗೆ. ನಂದು ಹಳ್ಸೈತೆ."

ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಎರಡು ವರ್ಷ ಹಾಗೇ ಒಟ್ಟಿಗೆ ಕೂತರು. ಮೀನು ಮೊಟ್ಟೆ ಕಟ್ಟುವ ಮುಂಗಾರಿನ ಮೊದಲ ವಾರಗಳಲ್ಲಿ ಗಾಳ ಮುಟ್ಟಬಾರದೆಂಬ ಆಕೆಯ ಕಟ್ಟಳೆಯನ್ನು ಚನ್ನೇಶ ಇಷ್ಟಲಿಂಗದ ನೇಮದಷ್ಟೇ ಭಕ್ತಿಯಿಂದ ಪಾಲಿಸಿದ. ಅವನು ಹಿಡಿದದ್ದೆಲ್ಲ ಆಕೆಯ ಬುಟ್ಟಿಗೆ. ಒಮ್ಮೊಮ್ಮೆ ತೀರಾ ಚೆಂದದ ಗೆಂಡೆ ಸಿಕ್ಕರೆ ಇಬ್ಬರೂ ಅದನ್ನು ನೋಡಿ ನೀರಿಗೆ ಬಿಡುತ್ತಿದ್ದರು.

ಕಳೆದ ವರ್ಷ ಮಾರಮ್ಮನ ಮಂಡಿ ಪೂರ್ತಿ ಸೋತಿತು. ಮಗಳು ಆಶಾರಾಣಿ ಬಂದು ಹಗರೆಗೆ ಕರೆದುಕೊಂಡು ಹೋದಳು. ಚನ್ನೇಶ ಈಗ ಏರಿಯ ಮೇಲೆ ಒಬ್ಬನೇ. ಬಸ್ಸು ಹಾದುಹೋದಾಗ ಕಿಟಕಿಯಿಂದ ಕೆಲವರು ನೋಡುತ್ತಾರೆ. ಅವನಿಗೆ ಅದು ಗೊತ್ತಾದರೂ ತಿರುಗುವುದಿಲ್ಲ.

ಹದಿನೈದು ದಿನಕ್ಕೊಮ್ಮೆ ಭಾನುವಾರ ಹಗರೆಗೆ ಹೋಗುತ್ತಾನೆ. ಉಷಾರಾಣಿ ಮಂಡಿಗೆ ಹಚ್ಚಲು ಎಣ್ಣೆ ಕಾಯಿಸಿ ಕೊಟ್ಟಿರುತ್ತಾಳೆ. ಜಗಲಿಯಲ್ಲಿ ಕಾಲು ಚಾಚಿ ಕೂತ ಮಾರಮ್ಮ ಅವನ ಆರೋಗ್ಯ ಕೇಳುವ ಮೊದಲು ಕೆರೆಯದನ್ನು ಕೇಳುತ್ತಾಳೆ. ಕಳೆದ ಸಲವೂ ಹಾಗೇ ಕೇಳಿದಳು.

"ನೀರು ಎಲ್ಲೀಗಂಟ ಐತೆ?"

"ಮೂರನೇ ಮೆಟ್ಲು ಮುಳುಗಿದೆ."

"ಗೆಂಡೆ?"

"ಮೊನ್ನೆ ಒಂದು ಬಿದ್ದಿತ್ತು ಅಮ್ಮ. ಐದು ಕೆಜಿ ಇದ್ದಿರಬೇಕು. ದಡದ ಹತ್ರ ಬಂದು ದಾರ ಕಿತ್ಕೊಂಡು ಹೋಯ್ತು."

"ಕಂಡ್ರೇನು ಕಣ್ಣಲ್ಲಿ?"

"ಬೆನ್ನು ಕಾಣಿಸ್ತು."

ಮಾರಮ್ಮ ಒಳಗೆ ಕಾಫಿ ಕಾಯಿಸುತ್ತಿದ್ದ ಮಗಳಿಗೆ ಕೇಳುವ ಹಾಗೆ ಜೋರಾಗಿ ನಕ್ಕಳು. "ಕೇಳ್ದೇನೆ ಆಶಾ? ತಪ್ಪಿಸ್ಕಂಡ ಮೀನು ಐದು ಕೆಜಿ ಅಂತೆ! ಸ್ವಾಮೇರು ಈಗ ಪಕ್ಕಾ ಮೀನ್ಗಾರ್ರು ಆದ್ರು ಕಣೇ."